ಹನ್ನೊಂದನೆಯ ದೀಪಕ್ಕೊಂದು ಹಸಿದ ಕೈ

"ಉಪವಾಸ ಅಂದ್ರೆ ಏನು ಅಂತ ಇವತ್ತು ಈ ಮನೆಗೆ ನಾನು ತೋರಿಸ್ತೀನಿ."

ಬೆಳಿಗ್ಗೆ ಏಳು ಗಂಟೆಗೆ, ಬಾಯಿ ಮುಕ್ಕಳಿಸಿದ ನೀರು ಒಂದು ಹನಿಯೂ ಗಂಟಲಿಗೆ ಇಳಿಯದ ಹಾಗೆ ಮೂರು ಸಲ ಉಗುಳಿ, ಅಡಿಗೆಮನೆಯ ಬಾಗಿಲಲ್ಲಿ ನಿಂತು ರುಚಿಗಾರ ಹೀಗೆ ಸಾರಿದ. ಕೇಳುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ಹೆಂಡತಿ ಐದೂವರೆಗೇ ಕೆಲಸಕ್ಕೆ ಹೋಗಿದ್ದಳು. ಒಲೆಯ ಮೇಲಿನ ಹಾಲಿನ ಪಾತ್ರೆ ಮಾತ್ರ ಕೇಳಿತು. ಅದು ಈ ಮನೆಯ ಎಷ್ಟೋ ಪ್ರತಿಜ್ಞೆಗಳನ್ನು ಕೇಳಿಯೂ ಉಕ್ಕದೆ ಸುಮ್ಮನಿದ್ದ ಪಾತ್ರೆ.

ರುಚಿಗಾರ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕಾರ್ಖಾನೆ ಇಟ್ಟದ್ದು. ಬಿಸ್ಕತ್ತಿನ ಕಾರ್ಖಾನೆಯಲ್ಲಿ ರುಚಿ ನೋಡುವ ಕೋಣೆಗೆ ಅವನು ದೊಡ್ಡವನು. ಒಲೆಯಿಂದ ಇಳಿದ ಪ್ರತಿ ಬ್ಯಾಚಿನಿಂದಲೂ ಒಂದು ಬಿಸ್ಕತ್ತು ಅವನ ಮುಂದೆ ಬಂದು ಕೂರಬೇಕು. ಅವನು ಕಚ್ಚಬೇಕು, ಹದಿನೆಂಟು ಸಲ ಅಗಿಯಬೇಕು, ನಾಲಗೆಯ ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ ಹೊರಳಿಸಬೇಕು, ಪಕ್ಕದ ಸ್ಟೀಲ್ ತೊಟ್ಟಿಗೆ ಉಗುಳಬೇಕು, ಬಿಸಿನೀರಿನಿಂದ ಬಾಯಿ ತೊಳೆಯಬೇಕು. ಆಮೇಲೆ ಕಣ್ಣು ಮುಚ್ಚಿ, ತೀರ್ಪು ಕೊಡುವ ನ್ಯಾಯಾಧೀಶನ ಹಾಗೆ, "ಉಪ್ಪು ಒಂದು ಕೂದಲು ಮುಂದೆ" ಎಂದೋ "ಬೆಣ್ಣೆ ಒಂದು ಕೂದಲು ಹಿಂದೆ" ಎಂದೋ ಹೇಳಬೇಕು. ಅಷ್ಟು ಹೇಳಿದರೆ ಇಡೀ ಕಾರ್ಖಾನೆ ಕೈಕಟ್ಟಿ ನಿಲ್ಲುತ್ತಿತ್ತು.

ಆ ಕೋಣೆಗೆ ಮೂರು ನಿಯಮ. ನುಂಗುವವನು ಗಿರಾಕಿ, ಉಗುಳುವವನು ರುಚಿಗಾರ. ಮುರಿದ ಬಿಸ್ಕತ್ತು ಲೆಕ್ಕಕ್ಕಿಲ್ಲ. ಮೂರನೆಯದು ಬಹಳ ಮುಖ್ಯ: ಹೊಸ ಬ್ಯಾಚನ್ನು ಬೀರುವಿನಲ್ಲಿಟ್ಟ ಹಿಂದಿನ ಬ್ಯಾಚಿನ ಜೊತೆಯಲ್ಲೇ ನೋಡಬೇಕು. ಹಿಂದಿನದರ ರುಚಿ ಗೊತ್ತಿಲ್ಲದವನು ಇಂದಿನದರ ಬಗ್ಗೆ ಬಾಯಿ ತೆರೆಯಬಾರದು. ಈ ಮೂರನ್ನೂ ಅವನು ಊಟಕ್ಕೆ ಕೂತಾಗಲೆಲ್ಲ ಮನೆಯವರಿಗೆ ಹೇಳಿ ಹೇಳಿ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುವ ಹಾಗೆ ಮಾಡಿದ್ದ.

ಇಂಥ ನಾಲಗೆಗೆ ಅರ್ಧ ವರ್ಷದ ಹಿಂದೆ ಕೇಡು ಬಂತು. ಒಂದು ವಾರದ ಜ್ವರ ಬಿಟ್ಟಿತು, ಹೋಗುವಾಗ ರುಚಿಯನ್ನು ಜೊತೆಗೇ ಕರೆದುಕೊಂಡು ಹೋಯಿತು. ಬೆಲ್ಲವೂ ಅಷ್ಟೆ, ಬೇವೂ ಅಷ್ಟೆ. ನಾಲಗೆ ಎನ್ನುವುದು ಬಾಯಲ್ಲಿ ಇಟ್ಟ ಚಪ್ಪಲಿಯ ತುಂಡಿನ ಹಾಗೆ ಆಯಿತು. ರುಚಿಗಾರ ಯಾರಿಗೂ ಹೇಳಲಿಲ್ಲ. ಕಾರ್ಖಾನೆಗೆ ಹೋಗಿ ಮೊದಲಿನ ಹಾಗೆಯೇ ಅಗಿದ, ಉಗುಳಿದ, ಕಣ್ಣು ಮುಚ್ಚಿದ. ಒಂದು ದಿನ ಸಕ್ಕರೆಯ ಜಾಗದಲ್ಲಿ ಉಪ್ಪು ಬಿದ್ದಿದ್ದ ಬ್ಯಾಚಿಗೆ "ಬಹಳ ಸೊಗಸು" ಎಂದು ಸಹಿ ಹಾಕಿ ಕಳಿಸಿದ. ಲಾರಿ ಹೋದ ದಾರಿಯಲ್ಲೇ ತಿರುಗಿ ಬಂತು. ಮ್ಯಾನೇಜರು ಕರೆದರು, ಬೈಯಲಿಲ್ಲ. ವರ್ಷದ ನಾಲಗೆ ಪರೀಕ್ಷೆ ಬರುತ್ತದೆ, ಅದರಲ್ಲಿ ತಪ್ಪಿದರೆ ರಟ್ಟಿನ ಡಬ್ಬ ಹೊಲಿಯುವ ವಿಭಾಗಕ್ಕೆ ಹೋಗಬೇಕು ಎಂದಷ್ಟೇ ಹೇಳಿದರು. ಇಪ್ಪತ್ತು ವರ್ಷ ತೀರ್ಪು ಕೊಟ್ಟವನು ಡಬ್ಬ ಹೊಲಿಯುವುದೆಂದರೆ ಏನು ಎಂಬುದು ಅವನಿಗೆ ಗೊತ್ತಿತ್ತು. ಆ ವಿಭಾಗದವರನ್ನು ಇವನೇ "ನಾಲಗೆ ಇಲ್ಲದವರು" ಎನ್ನುತ್ತಿದ್ದ.

ಆಗ ಹರಕೆ ಹೊತ್ತವಳು ತಾಯಿ. ತ್ರಯೋದಶಿಯ ಸಂಜೆ, ಹೊತ್ತು ಮುಳುಗಿ ಕತ್ತಲಾಗುವ ನಡುವಿನ ಹೊತ್ತು ಪ್ರದೋಷ. ಆ ಹೊತ್ತಿನಲ್ಲಿ ಶಿವನ ಮನಸ್ಸು ಮೆತ್ತಗಿರುತ್ತದೆ, ಕೇಳಿದ್ದಕ್ಕೆ ಇಲ್ಲ ಅನ್ನುವುದಿಲ್ಲ ಎಂದು ಮುದುಕಿಯ ನಂಬಿಕೆ. "ನನ್ನ ಮಗನ ನಾಲಗೆ ವಾಪಸು ಕೊಡಪ್ಪ. ಹನ್ನೊಂದು ಪ್ರದೋಷ ಮನೆಮಂದಿಯೆಲ್ಲ ಉಪವಾಸ ಇರ್ತೀವಿ. ಬೀದಿ ದೀಪ ಹತ್ತೋಕ್ಕೆ ಮೊದಲು, ಹಸಿದ ಕೈಯಿಂದ ನಿನಗೆ ದೀಪ ಹಚ್ತೀವಿ" ಎಂದು ಬೇಡಿಕೊಂಡಳು. ಮೊದಲನೆಯ ದೀಪ ಹಚ್ಚಿ ಮೂರು ದಿನಕ್ಕೆ ರುಚಿಗಾರನಿಗೆ ಮಜ್ಜಿಗೆ ಹುಳಿಯಾಗಿದೆ ಎಂದು ಗೊತ್ತಾಯಿತು. ಹೇಗೂ ಬರುವ ಹೊತ್ತಿಗೆ ಬಂದಿದೆ ಎಂದು ಡಾಕ್ಟರು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊಟ್ಟವನಿಗೆ ಕಿತ್ತುಕೊಳ್ಳಲೂ ಬರುತ್ತದೆ. ಹನ್ನೊಂದೂ ಮುಗಿಯಬೇಕು.

ಹತ್ತು ಮುಗಿದಿತ್ತು. ಇವತ್ತು ಹನ್ನೊಂದನೆಯದು. ಬರುವ ಸೋಮವಾರ ನಾಲಗೆ ಪರೀಕ್ಷೆ.

ಉಪವಾಸದ ಹಾಜರಿಗೆಂದು ರುಚಿಗಾರ ಒಂದು ಪಟ್ಟಿ ಮಾಡಿ ಅಡಿಗೆಮನೆಯ ಬಾಗಿಲಿಗೆ ಅಂಟಿಸಿದ್ದ. ಅಮ್ಮ, ನಾನು, ತಮ್ಮ, ಮಗಳು. ನಾಲ್ಕು ಸಾಲು, ಒಂದೊಂದರ ಮುಂದೆ ಹತ್ತು ಗುರುತು. ಹೆಂಡತಿಯ ಸಾಲು ಇರಲಿಲ್ಲ. ಮೊದಲ ಪ್ರದೋಷದ ದಿನವೇ ಅತ್ತೆ ಅವಳನ್ನು ಹತ್ತಿರ ಕರೆದು, "ನೀನು ಉಪವಾಸ ಇರೋದು ಬೇಡಮ್ಮ. ನೀನು ತಲೆ ಸುತ್ತಿ ಬಿದ್ರೆ ನಮಗೆಲ್ಲ ಯಾರು ಮಾಡಿ ಹಾಕ್ತಾರೆ" ಎಂದಿದ್ದಳು. ಎಂಥ ಕರುಣೆಯ ಮಾತು. ಅಂದಿನಿಂದ ಮನೆಮಂದಿ ಎಂದರೆ ನಾಲ್ಕು ಜನ ಎಂದಾಯಿತು. ಉಪವಾಸದ ದಿನ ಅವಳು ಎದುರಿಗೆ ಸಿಕ್ಕಿದಾಗಲೆಲ್ಲ ಮೈದುನ ಹೊಟ್ಟೆ ತಡವಿಕೊಂಡು, "ನಿಮಗೇನು ಅತ್ತಿಗೆ, ಆರಾಮ" ಎನ್ನುತ್ತಿದ್ದ. ಅವಳು "ಹೌದಪ್ಪ" ಎಂದು ಅವನ ತಟ್ಟೆ ತೊಳೆಯುತ್ತಿದ್ದಳು.

ಅವತ್ತು ಕಾರ್ಖಾನೆಯಲ್ಲಿ ರುಚಿಗಾರ ನಲವತ್ತೆರಡು ಬ್ಯಾಚು ನೋಡಿದ. ನೋಡಿದ್ದಕ್ಕಿಂತ ಉಗುಳಿದ್ದು ಹೆಚ್ಚು. ಒಂದು ತುಣುಕೂ ಒಳಗೆ ಉಳಿಯಬಾರದೆಂದು ಹಲ್ಲಿನ ಸಂದಿಯನ್ನೆಲ್ಲ ಕಡ್ಡಿಯಿಂದ ಗುಡಿಸಿದ.

ಪಕ್ಕದಲ್ಲಿ ಕೂರುವ ಜೊತೆಗಾರ ನೋಡುವಷ್ಟು ನೋಡಿ ಹೇಳಿದ: "ಏನು ಸ್ವಾಮಿ, ಇವತ್ತು ಬಾಯಿಗೆ ಹಾಕಿದ್ದಕ್ಕಿಂತ ತೊಟ್ಟಿಗೆ ಬಿದ್ದದ್ದು ಜಾಸ್ತಿ ಕಾಣಿಸ್ತಿದೆ."

"ಉಪವಾಸ."

"ದಿನವಿಡೀ ಬಿಸ್ಕತ್ತು ಅಗಿದು ಉಪವಾಸವಾ?"

"ನುಂಗಿದ್ರೆ ತಾನೇ ತಿಂದ ಹಾಗೆ. ಗಂಟಲು ಇದೆಯಲ್ಲ, ಅದು ಗೇಟು. ಗೇಟು ದಾಟಿಲ್ಲ ಅಂದ್ರೆ ಒಳಗೆ ಬಂದಿಲ್ಲ."

"ನಿಮ್ಮ ಗೇಟು ಗಟ್ಟಿ ಬಿಡಿ" ಎಂದ ಜೊತೆಗಾರ. "ಸೋಮವಾರದವರೆಗೂ ಗಟ್ಟಿ ಇರಲಿ."

ಐದು ಗಂಟೆಗೆ ಮನೆಗೆ ಬಂದರೆ ತಾಯಿ ಕಿಟಕಿಯ ಪಕ್ಕದ ಮಂಚದ ಮೇಲೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು. ಆ ಕಿಟಕಿಯಿಂದ ಬೀದಿ ದೀಪದ ಕಂಬ ಕಾಣುತ್ತದೆ. ಹತ್ತು ಪ್ರದೋಷವೂ ಅವಳು ಆ ಕಂಬದ ಮೇಲೆ ಒಂದು ಕಣ್ಣಿಟ್ಟೇ ಬತ್ತಿಗೆ ಕಡ್ಡಿ ಗೀರಿದವಳು.

"ನನ್ನ ಕೈ ಕೆಟ್ಟಿತು ಮಗಾ."

"ಏನಾಯ್ತಮ್ಮ?"

"ಬೆಳಿಗ್ಗೆ ಸಕ್ಕರೆ ಕಾಯಿಲೆ ಮಾತ್ರೆ ನುಂಗಿದ್ದೆ. ಹೊಟ್ಟೆ ಖಾಲಿ. ಮೂರೂವರೆಗೆ ಮೈಯೆಲ್ಲ ನಡುಕ, ಕಣ್ಣು ಕತ್ತಲೆ. ನಿನ್ನ ಹೆಂಡತಿ ಆಗ ತಾನೇ ಬಂದಿದ್ದಳು, ಸಕ್ಕರೆ ನೀರು ಕುಡಿಸಿಬಿಟ್ಟಳು. ಬೇಡ ಅನ್ನೋಕೆ ನಾಲಗೆ ಹೊರಳಲಿಲ್ಲ. ಎರಡು ಲೋಟ."

"ಔಷಧಿ ಅಂದ್ಕೋ. ಔಷಧಿ ಊಟ ಅಲ್ಲ."

"ಉಪವಾಸಕ್ಕೆ ಊಟ ಅಲ್ಲದೆ ಇರಬಹುದು. ಹಸಿವಿಗೆ ಹೌದು" ಎಂದಳು ಮುದುಕಿ. ವಯಸ್ಸು ಎಪ್ಪತ್ತೆಂಟಾದರೂ ದೇವರಿಗೆ ಸುಳ್ಳು ಹೇಳುವ ಅಭ್ಯಾಸ ಅವಳಿಗೆ ಇನ್ನೂ ಆಗಿರಲಿಲ್ಲ. "ಹಸಿದ ಕೈ ಅಂದಿದ್ದೀನಿ. ನನ್ನದು ಈಗ ಹಸಿದ ಕೈ ಅಲ್ಲ. ಇವತ್ತಿನ ದೀಪ ನೀನೇ ಹಚ್ಚು."

ರುಚಿಗಾರನ ಎದೆ ಎರಡು ಬೆರಳು ಅಗಲವಾಯಿತು. ನ್ಯಾಯವಾಗಿ ನೋಡಿದರೂ ನಾಲಗೆ ಅವನದು, ದೀಪವೂ ಅವನದೇ ಆಗಬೇಕು. "ಅಮ್ಮ, ಚಿಂತೆ ಬಿಡು. ಇಡೀ ಊರು ಹುಡುಕಿದ್ರೂ ಇವತ್ತು ನನ್ನಷ್ಟು ಹಸಿದ ಕೈ ಸಿಗಲ್ಲ" ಎಂದು ಸ್ನಾನಕ್ಕೆ ಹೋದ. ಒಗೆದ ಪಂಚೆ ಉಟ್ಟು, ಹಣೆಗೆ ಮೂರು ಬೆರಳಿನ ವಿಭೂತಿ ಎಳೆದುಕೊಂಡು ಹೊರಗೆ ಬಂದಾಗ ಹೊಟ್ಟೆ ಬೆನ್ನಿಗೆ ಅಂಟಿತ್ತು, ಮುಖದಲ್ಲಿ ಮಾತ್ರ ಕೈಲಾಸದಿಂದ ಆಗಷ್ಟೇ ಇಳಿದು ಬಂದವನ ಕಳೆ.

ಕಾಲುಗಳು ತಾವಾಗಿಯೇ ಅಡಿಗೆಮನೆಗೆ ನಡೆದವು.

ಹೆಂಡತಿ ಒಲೆಯ ಮುಂದೆ ನಿಂತು ಪಾಯಸ ತಿರುವುತ್ತಿದ್ದಳು. ಕೆಲಸದ ಸೀರೆಯನ್ನು ಬದಲಾಯಿಸಿ, ಒದ್ದೆ ಕೂದಲನ್ನು ಗಂಟು ಹಾಕಿಕೊಂಡಿದ್ದಳು. ಅವಳ ಊಟದ ಡಬ್ಬಿ ಕಟ್ಟೆಯ ಮೇಲೆ, ಅವನು ಕೈ ಊರಬೇಕಾದ ಜಾಗದಲ್ಲೇ ಕೂತಿತ್ತು. ಅದನ್ನು ಎತ್ತಿ ಪಕ್ಕಕ್ಕಿಟ್ಟ. ಭಾರವಾಗಿತ್ತು. ಈ ಹೆಂಗಸು ಖಾಲಿ ಡಬ್ಬಿಯಲ್ಲಿ ಏನು ತುಂಬಿಕೊಂಡು ಬರುತ್ತಾಳೋ ಅಂದುಕೊಂಡ.

"ಸಕ್ಕರೆ ನೋಡಿದ್ಯಾ?"

"ನೈವೇದ್ಯ ರೀ. ದೇವರಿಗಿಂತ ಮೊದಲು ನಾನು ಬಾಯಿಗೆ ಹಾಕೋ ಹಾಗಿಲ್ಲ."

"ಮತ್ತೆ ಸರಿ ಇದೆ ಅಂತ ಹೇಗೆ ಗೊತ್ತು?"

"ಕೈ ಅಳತೆ."

"ಕೈ ಅಳತೆ. ನಮ್ಮಲ್ಲಿ ಯಾರಾದ್ರೂ ಕೈ ಅಳತೆ ಅಂದ್ರೆ ಅವತ್ತೇ ಗೇಟಿನ ಹೊರಗೆ."

"ಹಾಗಾದ್ರೆ ಶಿವ ನನ್ನನ್ನೂ ಗೇಟಿನ ಹೊರಗೆ ಕಳಿಸಲಿ. ಒಂದು ದಿನ ಕೂತ್ಕೊಂಡು ಬರ್ತೀನಿ. ಸರೀರಿ ಆ ಕಡೆ, ಏಲಕ್ಕಿ ಹಾಕಬೇಕು."

ಏಲಕ್ಕಿ ಹಾಕಿ, ಒಲೆ ಆರಿಸಿ, ಅವಳು ಬತ್ತಿ ಜೋಡಿಸಲು ದೇವರ ಮೂಲೆಗೆ ಹೋದಳು. ಅಡಿಗೆಮನೆಯಲ್ಲಿ ಉಳಿದದ್ದು ರುಚಿಗಾರ ಮತ್ತು ಪಾಯಸ.

ಪಾಯಸ ಹೊಗೆಯಾಡುತ್ತಿತ್ತು. ಇದು ಆಸೆಯ ಕತೆಯಲ್ಲ, ಅಭ್ಯಾಸದ ಕತೆ. ಇಪ್ಪತ್ತು ವರ್ಷದಿಂದ ಒಲೆಯಿಂದ ಇಳಿದದ್ದೆಲ್ಲ ಮೊದಲು ಅವನ ಮುಂದೆ ಬಂದೇ ಮುಂದೆ ಹೋಗಬೇಕು. ಅವನ ಸಹಿ ಇಲ್ಲದೆ ಒಂದು ಬಿಸ್ಕತ್ತೂ ಗೇಟು ದಾಟಿಲ್ಲ. ಹಾಗಿರುವಾಗ, ಪರೀಕ್ಷೆಯಾಗದ ಮಾಲು ಸೀದಾ ಶಿವನ ಮುಂದೆ ಹೋಗುವುದೆಂದರೆ? ಕೈ ಸೌಟಿಗೆ ಹೋಯಿತು. ಸೌಟು ತುಟಿಗೆ ಬಂತು. ಸೊರ್ ಎಂದು ಎಳೆದುಕೊಂಡ. ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ ಹೊರಳಿಸಿದ. ಸೌಟು ತಾನಾಗಿ ಪಾತ್ರೆಗೆ ಇಳಿಯಿತು. ಉಗುಳಲು ಬಲಕ್ಕೆ ತಿರುಗಿದ. ತೊಟ್ಟಿ ಇರಬೇಕಾದ ಜಾಗದಲ್ಲಿ ತೊಳೆಯುವ ಬೋಗುಣಿ ಇತ್ತು, ಅದರ ತುಂಬ ಫಳಫಳ ಬೆಳಗಿದ ಪೂಜೆಯ ಪಾತ್ರೆಗಳಿದ್ದವು. ಎಡಕ್ಕೆ ತಿರುಗಿದ. ಡಬ್ಬಿ ಮತ್ತೆ ಕೈಗೆ ಅಡ್ಡ ಬಂತು, ಮತ್ತೆ ಸರಿಸಿದ. ಬಾಯಿ ಎಷ್ಟು ಹೊತ್ತು ಕಾಯುತ್ತದೆ? ಗೇಟು ತೆರೆಯಿತು. ಪಾಯಸ ಗಂಭೀರವಾಗಿ ಒಳಗೆ ನಡೆಯಿತು.

ಅಷ್ಟಕ್ಕೇ ಸುಮ್ಮನಿದ್ದಿದ್ದರೂ ಮರ್ಯಾದೆ ಉಳಿಯುತ್ತಿತ್ತು. ಅವನು ಕಣ್ಣು ಮುಚ್ಚಿ, ಇಡೀ ಮನೆಗೆ ಕೇಳುವ ಹಾಗೆ ತೀರ್ಪು ಕೊಟ್ಟ.

"ಏಲಕ್ಕಿ ಒಂದು ಕೂದಲು ಮುಂದೆ."

ಕಣ್ಣು ತೆರೆದಾಗ ಹೆಂಡತಿ ಬೆಂಕಿಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಮುಂದೆ ಅಂತ ನಿಮಗೆ ಯಾರು ಹೇಳಿದ್ರು?"

"ವಾಸನೆ."

"ವಾಸನೆ ತಗೊಂಡ್ರೆ ಮೀಸೆ ಒದ್ದೆ ಆಗಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ರುಚಿಗಾರ ಮೀಸೆ ಮುಟ್ಟಿ ನೋಡಿಕೊಂಡ. "ನಾನು ನುಂಗಿಲ್ಲ."

"ಉಗುಳಿದ್ದೆಲ್ಲಿ?"

ಅವನು ಬೋಗುಣಿ ನೋಡಿದ, ನೆಲ ನೋಡಿದ, ಕೊನೆಗೆ ಕಿಟಕಿಯನ್ನೂ ನೋಡಿದ. ಕಿಟಕಿಗೆ ಸೊಳ್ಳೆ ಜಾಲರಿ ಇತ್ತು.

ಹೆಂಡತಿ ಪಾತ್ರೆಯಲ್ಲಿ ಮುಳುಗಿದ್ದ ಸೌಟನ್ನು ನೋಡಿ, ಬೆಂಕಿಪೊಟ್ಟಣವನ್ನು ಕಟ್ಟೆಯ ಮೇಲಿಟ್ಟಳು. "ಒಂದೇ ಗುಟುಕಿಗೆ ಎರಡು ಹೋಯ್ತು. ಪಾಯಸ ಎಂಜಲಾಯ್ತು, ನಿಮ್ಮ ಕೈಯೂ ಹೋಯ್ತು. ನೈವೇದ್ಯಕ್ಕೆ ಒಂದು ಅಚ್ಚು ಬೆಲ್ಲ ಇದೆ, ಅದನ್ನಿಡ್ತೀನಿ. ಕೈಗೆ ಏನು ಮಾಡ್ತೀರಿ?"

"ಅಮ್ಮನಿಗೆ ಹೇಳಬೇಡ."

"ನಾನ್ಯಾಕೆ ಹೇಳಲಿ? ನಾನು ಪಟ್ಟಿಯಲ್ಲೇ ಇಲ್ಲ."

ಹೊರಗೆ ಬಿಸಿಲು ಎದುರು ಮನೆಯ ಗೋಡೆಯ ಮೇಲಿನ ಅರ್ಧಕ್ಕೆ ಏರಿತ್ತು. ಅದು ಸೂರಿಗೆ ಏರಿ ಜಾರಿದರೆ ಹೊತ್ತು ಮುಳುಗಿದ ಹಾಗೆ. ಆಮೇಲೆ ಕಂಬದ ದೀಪಕ್ಕೆ ಹೆಚ್ಚು ಹೊತ್ತು ಬೇಡ.

ರುಚಿಗಾರ ತಮ್ಮನ ಕೋಣೆಗೆ ಹೋದ. ತಮ್ಮ ಬಸ್ ಡ್ರೈವರು. ನಾಲ್ಕಕ್ಕೆ ಪಾಳಿ ಮುಗಿಸಿ ಬಂದು, ಹಸಿವಿನಿಂದ ಎಂಬಂತೆ ಗೋಡೆಗೆ ಮುಖ ಮಾಡಿ ಮಲಗಿದ್ದ.

"ಏಳೋ. ನಾನೊಂದು ಯೋಚನೆ ಮಾಡಿದೆ. ಇವತ್ತಿನ ದೀಪದ ಭಾಗ್ಯ ನಿನಗಿರಲಿ."

ತಮ್ಮ ಎದ್ದು ಕೂತ. ಅವನ ಮುಖದಲ್ಲಿ ಇದ್ದಕ್ಕಿದ್ದಂತೆ ಬಹಳ ವಿನಯ ಬಂತು. "ಅಣ್ಣ ಇರುವಾಗ ನಾನು ಮುಂದೆ ಹೋಗೋದಾ? ಛೆ."

"ನಾನೇ ಹೇಳ್ತಿದ್ದೀನಲ್ಲೋ."

"ನೀನು ದೊಡ್ಡ ಮನಸ್ಸಿನಿಂದ ಹೇಳ್ತೀಯ. ನಾನು ಸಣ್ಣವನಾಗಬಾರದಲ್ಲ. ಮಗು ಇದೆ, ಮಗು ಹಚ್ಚಲಿ. ಅವಳ ಪರೀಕ್ಷೆ ಬೇರೆ ಹತ್ತಿರ ಬಂದಿದೆ."

ಬಾಗಿಲಾಚೆ ಓದುತ್ತಿದ್ದ ಮಗಳು ಪುಸ್ತಕದ ಮೇಲಿಂದ ತಲೆ ಎತ್ತಿದಳು. "ನಾನಾ? ಅಜ್ಜಿ ಒಪ್ಪಲ್ಲಪ್ಪ. ದೊಡ್ಡವರು ಹಚ್ಚಿದ್ರೇ ಚೆಂದ. ಚಿಕ್ಕಪ್ಪನೇ ಹಚ್ಚಲಿ."

"ನಿಮ್ಮಪ್ಪ ಇರುವಾಗ ನಾನ್ಯಾಕಮ್ಮ?"

"ನೀನು ಹಚ್ಚಪ್ಪ."

"ಇಲ್ಲ, ನೀವು ಹಚ್ಚಿ."

ಮೂರು ಜನರೂ ಒಬ್ಬರಿಗೊಬ್ಬರು ಭಾಗ್ಯವನ್ನು ಬಿಸಿ ಪಾತ್ರೆಯ ಹಾಗೆ ದಾಟಿಸಿದರು. ಆ ಮನೆಯಲ್ಲಿ ಅಷ್ಟೊಂದು ತ್ಯಾಗ ಒಟ್ಟಿಗೆ ನಡೆದದ್ದು ಹಿಂದೆಂದೂ ಇಲ್ಲ. ಮಂಚದ ಮೇಲಿನ ಮುದುಕಿಗೆ ಕಣ್ಣು ಮಂಜು, ಮೂಗು ಮಂಜಲ್ಲ.

"ಮೂರೂ ಜನ ಇಲ್ಲಿ ಬನ್ನಿ. ಬಾಯಿ ತೆರೀರಿ."

ಸಾಲಾಗಿ ನಿಂತರು. ಮೊದಲು ಮೊಮ್ಮಗಳು ಬಾಗಿದಳು.

"ಬೆಣ್ಣೆ" ಎಂದಳು ಅಜ್ಜಿ.

ಮಗಳು ಅಪ್ಪನ ಕಡೆ ತಿರುಗಿದಳು. "ನಿನ್ನ ಚೀಲದಲ್ಲಿತ್ತಪ್ಪ. ನಾಲ್ಕೇ ನಾಲ್ಕು. ಎಲ್ಲ ಮುರಿದ ಬಿಸ್ಕತ್ತು. ಮುರಿದದ್ದು ಲೆಕ್ಕಕ್ಕಿಲ್ಲ ಅಂತ ನೀನೇ ಹೇಳ್ತೀಯಲ್ಲ."

ರುಚಿಗಾರ ಬಾಯಿ ತೆರೆದ. ತನ್ನ ಬಾಯಿಯ ವಾಸನೆಯೂ ಹೊರಬಿದ್ದೀತೆಂದು ನೆನಪಾಗಿ ಮುಚ್ಚಿಕೊಂಡ.

"ಇವನು ತುಪ್ಪ" ಎಂದಳು ಮುದುಕಿ ಎರಡನೆಯವನಿಗೆ.

"ಡಿಪೋದಲ್ಲಿ ಒಬ್ಬರು ನಿವೃತ್ತಿ ಆದ್ರಮ್ಮ. ಮೂವತ್ತೈದು ವರ್ಷ ಬಸ್ಸು ಓಡಿಸಿದವರು ಕೈಯಾರೆ ಸಿಹಿ ಕೊಟ್ಟರೆ ಬೇಡ ಅನ್ನೋದು ಹೇಗೆ? ಆಮೇಲೆ ಖಾರ ಕೊಟ್ಟರು. ಆಮೇಲೆ ಊಟವೇ ಇಟ್ಟಿದ್ದರು. ಆದ್ರೆ ನಿಂತ್ಕೊಂಡೇ ತಿಂದೆ. ನಿಂತು ತಿಂದದ್ದು ಊಟವೇ ಅಲ್ಲ ಅಂತ ಚಿಕ್ಕಂದಿನಿಂದ ಬೈತಿದ್ದವಳು ನೀನೇ."

ಮೂರನೆಯವನ ಮೀಸೆಯ ಹತ್ತಿರ ಮುದುಕಿಯ ಮೂಗು ಬಹಳ ಹೊತ್ತು ನಿಂತಿತು.

"ಏಲಕ್ಕಿ."

"ಒಂದು ಕೂದಲು ಮುಂದೆ" ಎಂದು ಅಡಿಗೆಮನೆಯಿಂದ ದನಿ ಬಂತು.

ಎದುರು ಮನೆಯ ಗೋಡೆಯಿಂದ ಬಿಸಿಲು ಜಾರಿಹೋಗಿತ್ತು. ಮುದುಕಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. "ಬೇಲಿ ಅಂತ ನಂಬಿದ್ದೆ, ಬೇಲಿಗಳೇ ಹೊಲ ಮೇಯ್ದವು. ನಿನ್ನ ನಾಲಗೆ ಹೋಗುತ್ತೆ ಮಗಾ. ಕೊಟ್ಟ ಮಾತು ತಪ್ಪಿದವರ ಹತ್ತಿರ ಅವನು ಏನೂ ಬಿಡಲ್ಲ."

ರುಚಿಗಾರ ಬಾಯೊಳಗೆ ನಾಲಗೆಯನ್ನು ಹೊರಳಿಸಿ ನೋಡಿದ. ಆಗಲೇ ತುದಿ ದಪ್ಪಗಾದ ಹಾಗೆ, ಬುಡ ಮರಗಟ್ಟಿದ ಹಾಗೆ ತೋರಿತು. ಸೋಮವಾರ ಅವನ ಮುಂದೆ ಹತ್ತು ಬಟ್ಟಲು ಇಡುತ್ತಾರೆ, ಚೀಟಿ ಇರುವುದಿಲ್ಲ. ಹತ್ತರಲ್ಲಿ ಉಪ್ಪು ಯಾವುದು ಎಂದು ಹೇಳಲಾರದೆ ತಾನು ಕೂತಿದ್ದು, ಜೊತೆಗಾರ ತಲೆ ತಗ್ಗಿಸಿದ್ದು, ಸೂಜಿ ಹಿಡಿದು ಡಬ್ಬದ ರಾಶಿಯ ಮುಂದೆ ತಾನು ನಿಂತದ್ದು ಎಲ್ಲ ಕಣ್ಣಿಗೆ ಕಟ್ಟಿತು. ಮಂಚದ ತುದಿಯಲ್ಲಿ ಕೂತ.

"ಪಕ್ಕದ ಮನೆಯವರನ್ನ ಕರೆದ್ರೆ?" ಎಂದ ತಮ್ಮ.

"ಮನೆಯ ಕೈ ಆಗಬೇಕು."

ಆಗ ಮಗಳು ಪುಸ್ತಕ ಮಡಿಸುತ್ತ ಕೇಳಿದಳು: "ಅಮ್ಮ ಏನಾದ್ರೂ ತಿಂದಿದ್ದಾಳಾ?"

ನಾಲ್ಕು ಜನರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೆಳಿಗ್ಗೆ ತಿಂದಳೇ? ಯಾರೂ ಎದ್ದಿರಲಿಲ್ಲ. ಮಧ್ಯಾಹ್ನ? ಯಾರೂ ಇರಲಿಲ್ಲ. ಸಂಜೆ? ಇದ್ದರು, ನೋಡಿರಲಿಲ್ಲ. ತಿಂದಳೆಂದು ಹೇಳಲು ಒಬ್ಬ ಸಾಕ್ಷಿ ಇಲ್ಲ, ತಿನ್ನಲಿಲ್ಲ ಎಂದು ಹೇಳಲೂ ಒಬ್ಬ ಸಾಕ್ಷಿ ಇಲ್ಲ. ಕೊನೆಗೆ ಎಲ್ಲರೂ ಸೇರಿ ರುಚಿಗಾರನನ್ನೇ ಅಡಿಗೆಮನೆಗೆ ದೂಡಿದರು.

ಅವಳು ಬೆಲ್ಲದ ಅಚ್ಚನ್ನು ಒಂದು ಬೆಳ್ಳಿ ಬಟ್ಟಲಲ್ಲಿ ಇಡುತ್ತಿದ್ದಳು. ರುಚಿಗಾರ ಗಂಟಲು ಸರಿಮಾಡಿಕೊಂಡ. ಮದುವೆಯಾದ ಹೊಸದರಲ್ಲಿ ಬರುತ್ತಿದ್ದ ಒಂದು ಮೆತ್ತನೆಯ ದನಿ, ಎಲ್ಲಿತ್ತೋ ಏನೋ, ಹೊರಗೆ ಬಂತು.

"ನೀನು... ಏನಾದ್ರೂ ತಿಂದ್ಯಾ?"

ಇಪ್ಪತ್ತೆರಡು ವರ್ಷದಲ್ಲಿ ಆ ಮನೆ ಅವಳನ್ನು ಹಾಗೆ ಕೇಳಿದ್ದು ಅದೇ ಮೊದಲು. ಕೇಳಿದ್ದೂ, "ಇಲ್ಲ" ಅನ್ನಲಿ ಎಂಬ ಆಸೆಯಿಂದ.

"ಯಾಕೆ?"

"ಸುಮ್ನೆ ಕೇಳ್ದೆ."

"ಸುಮ್ನೆ ಕೇಳೋರಲ್ಲ ನೀವು." ಅವಳು ಕೈ ಒರೆಸಿಕೊಂಡು, ಕಳೆದುಹೋದ ಪಾತ್ರೆ ಎಲ್ಲಿಟ್ಟೆ ಎಂದು ನೆನಪು ಮಾಡಿಕೊಳ್ಳುವವಳ ಹಾಗೆ ಯೋಚಿಸಿದಳು. ಅವಳದು ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. "ಐದೂವರೆಗೆ ಹೊರಟೆ. ಹತ್ತಕ್ಕೆ ಬಿಡುವು. ಇವತ್ತು ಇಬ್ಬರು ಬಂದಿರಲಿಲ್ಲ, ಅವರ ಬೆಡ್‌ಶೀಟೂ ನನ್ನ ಮೇಲೇ ಬಿತ್ತು, ಬಿಡುವು ಹೋಯ್ತು. ಎರಡಕ್ಕೆ ಬಿಟ್ಟರು. ಹೂವಿನ ಅಂಗಡಿಗೆ ಹೋದೆ, ಎಣ್ಣೆ ತಗೊಂಡೆ, ಹಾಲು ತಗೊಂಡೆ. ಮೂರೂಕಾಲಿಗೆ ಬಂದು ಡಬ್ಬಿ ಬಿಚ್ಚೋಣ ಅಂತ ಕೂತೆ, ಅತ್ತೆಗೆ ನಡುಕ ಬಂತು. ಸಕ್ಕರೆ ನೀರು ಕುಡಿಸಿದೆ, ಕಾಲು ತಿಕ್ಕಿದೆ. ಆಮೇಲೆ ಪೂಜೆ ಪಾತ್ರೆ. ಆಮೇಲೆ ಸ್ನಾನ. ಆಮೇಲೆ ಪಾಯಸ, ಅದನ್ನ ಬಿಟ್ಟು ಕದಲೋ ಹಾಗಿಲ್ಲ, ತಳ ಹಿಡಿಯುತ್ತೆ. ಆಮೇಲೆ ನೀವು ಬಂದ್ರಿ."

"ಹಾಗಾದ್ರೆ ಉಪವಾಸ."

"ಉಪವಾಸ ಅಲ್ಲ. ತಿಂದಿಲ್ಲ ಅಷ್ಟೆ."

"ಡಬ್ಬಿ ತಾ, ನೋಡೋಣ" ಎಂದು ಮುದುಕಿ ಮಂಚದಿಂದ ಕೂಗಿದಳು. ಏಲಕ್ಕಿಯಾದ ಮೇಲೆ ಅವಳು ಬಾಯಿ ಮಾತು ನಂಬುವುದನ್ನು ಬಿಟ್ಟಿದ್ದಳು.

ಎರಡು ಸಲ ಎತ್ತಿ ಪಕ್ಕಕ್ಕಿಟ್ಟಿದ್ದ ಡಬ್ಬಿಯನ್ನು ರುಚಿಗಾರ ಮೂರನೆಯ ಸಲ ಎತ್ತಿದ. ಎಲ್ಲರೂ ಸುತ್ತ ನಿಂತರು. ಮುಚ್ಚಳ ತೆಗೆದರೆ ಬೆಳಗಿನ ಅನ್ನ, ಅದುಮಿದ ಕೈಯ ಗುರುತಿನ ಸಮೇತ ಹಾಗೇ ಇತ್ತು. ಮುಚ್ಚಳದ ಬೆವರು ಇಳಿದು ಹಳಸಿತ್ತು. ಆ ವಾಸನೆಗೆ ನಾಲ್ಕು ಮುಖಗಳೂ ಅರಳಿದವು. ಮನೆಯಾಕೆಯ ಅನ್ನ ಹಳಸಿದ್ದಕ್ಕೆ ಅಷ್ಟು ಸಂತೋಷಪಟ್ಟ ಮನೆ ಇನ್ನೊಂದು ಇರಲಾರದು.

"ನೀರು?" ಎಂದಳು ಮುದುಕಿ, ಕೊನೆಯ ಸವಾಲಿನ ಹಾಗೆ.

"ನೀರು ಕುಡಿದೆ ಅತ್ತೆ. ಇಸ್ತ್ರಿ ಕೋಣೆ ಕಾವು, ತಡೆಯೋಕೆ ಆಗಲ್ಲ."

"ನೀರಿಗೆ ಅಡ್ಡಿಯಿಲ್ಲ" ಎಂದು ನಾಲ್ಕು ಜನರೂ ಒಂದೇ ದನಿಯಲ್ಲಿ ಹೇಳಿದರು.

"ನಾನು ಬೇಡಿಕೊಂಡದ್ದು ಹಸಿದ ಕೈ ಅಂತ" ಎಂದು ಮುದುಕಿ ತೀರ್ಮಾನಿಸಿದಳು. "ಮನೆಮಂದಿ ಉಪವಾಸದ ವಿಷಯ ನಾನು ಅವನ ಹತ್ತಿರ ಮಾತಾಡ್ಕೋತೀನಿ. ಹಚ್ಚಮ್ಮ, ಬೇಗ. ಕಂಬದ ಕಡೆ ನೋಡು."

"ನಾನು ಪಟ್ಟಿಯಲ್ಲಿ ಇಲ್ಲವಲ್ಲ ಅತ್ತೆ."

ಮಾತು ಮುಗಿಯುವ ಮೊದಲೇ ರುಚಿಗಾರ ಪೆನ್ನು ತಂದಿದ್ದ. ನಾಲ್ಕು ಸಾಲಿನ ಕೆಳಗೆ, ಕಾಗದ ಮುಗಿಯುವ ಅಂಚಿನಲ್ಲಿ, ಐದನೆಯ ಸಾಲು ಬರೆದ. ಒಂದು ಗುರುತು ಹಾಕಿ, ಹಿಂದಿನ ಹತ್ತು ಖಾಲಿ ಮನೆಗಳನ್ನು ನೋಡಿ ಪೆನ್ನು ನಿಲ್ಲಿಸಿದ.

"ಆ ಹತ್ತು ಸಲ?"

"ಅವೂ ಹೀಗೇ" ಎಂದಳು ಅವಳು. ರುಚಿಗಾರ ಸರಸರನೆ ಹತ್ತು ಗುರುತು ಹಾಕಿದ. ಇಡೀ ಪಟ್ಟಿಯಲ್ಲಿ ಹನ್ನೊಂದೂ ಗುರುತು ನಿಜವಾದ ಸಾಲು ಅದೊಂದೇ ಎಂಬುದು ಅವನಿಗೆ ಹೊಳೆಯಲಿಲ್ಲ.

ಅವಳು ಕಡ್ಡಿ ಗೀರಿದಳು. ಮೊದಲನೆಯದು ಆರಿತು. ಬೆಳಗಿನಿಂದ ಇಸ್ತ್ರಿ ಪೆಟ್ಟಿಗೆ ಹಿಡಿದಿದ್ದ ಕೈ ಸಣ್ಣಗೆ ನಡುಗುತ್ತಿತ್ತು. ಹಸಿವಿಗೂ ನಡುಕ ಬರುತ್ತದೆ. ಮುದುಕಿಗೆ ಬಂದಾಗ ಇಡೀ ಮನೆಗೆ ಗೊತ್ತಾಗಿತ್ತು, ಇವಳಿಗೆ ಬಂದದ್ದು ಕಡ್ಡಿಗೆ ಮಾತ್ರ ಗೊತ್ತಾಯಿತು. ಎರಡನೆಯ ಕಡ್ಡಿಗೆ ಬತ್ತಿ ಹಿಡಿಯಿತು. ಜ್ಯೋತಿ ನೆಟ್ಟಗೆ ನಿಂತ ಕ್ಷಣಕ್ಕೆ ಹೊರಗೆ ಕಂಬದ ದೀಪ ಎರಡು ಸಲ ಮಿಟುಕಿ ಹತ್ತಿತು.

"ಶಿವಾ, ತೀರಿತಪ್ಪ" ಎಂದು ಮುದುಕಿ ಕೈ ಮುಗಿದಳು.

ದೀಪ ಹತ್ತಿದ ಮೇಲೆ ಮನೆಗೆ ಮೊದಲಿನ ಧೈರ್ಯ ಬಂತು. "ಏನೇ ಆಗಲಿ, ಐದು ತಿಂಗಳು ಕಷ್ಟಪಟ್ಟದ್ದು ಸಾರ್ಥಕ ಆಯ್ತು" ಎಂದ ತಮ್ಮ. "ನನಗಂತೂ ಎರಡು ಕೆಜಿ ಇಳಿದಿದೆ" ಎಂದಳು ಮಗಳು. ಮುದುಕಿ ಪಾಯಸದ ಪಾತ್ರೆಯ ಕಡೆ ನೋಡಿ, "ಎಂಜಲು ದೇವರಿಗೆ ಆಗಲ್ಲ, ತಾಯಿಗೆ ಮಗನ ಎಂಜಲು ಏನು ಅಡ್ಡಿ, ಬಡಿಸಿ" ಎಂದಳು. ಬಡಿಸಿ ಎಂದರೆ ಯಾರು ಎಂದು ಹೇಳುವುದು ಬೇಕಿರಲಿಲ್ಲ. ಹೆಂಡತಿ ನಾಲ್ಕು ತಟ್ಟೆ ಎತ್ತಿಕೊಂಡಳು.

ರುಚಿಗಾರ ಎದ್ದು ನಿಂತ. ಅವನ ಮನಸ್ಸು ತುಂಬಿಬಂದಿತ್ತು. ನಾಲಗೆ ಉಳಿದ ಮನುಷ್ಯನಿಗೆ ಉದಾರವಾಗುವುದು ಸುಲಭ.

"ಕೂತ್ಕೋ ನೀನು. ಇವತ್ತು ನಾನು ಬಡಿಸ್ತೀನಿ. ಇಡೀ ಮನೆ ನೋಡಲಿ."

ಇಡೀ ಮನೆ ನೋಡಿತು. ಐದನೆಯ ತಟ್ಟೆ ಬಂತು. ಅವಳು ಎಲ್ಲರ ಜೊತೆ, ಒಲೆಗೆ ಹತ್ತಿರದ ತುದಿಯಲ್ಲಿ, ಕರೆದರೆ ತಕ್ಷಣ ಏಳಲು ಅನುಕೂಲವಾಗುವ ಹಾಗೆ ಕೂತಳು. ಮೊದಲ ಸೌಟು ಪಾಯಸ ಅವಳ ಬಟ್ಟಲಿಗೇ ಬಿತ್ತು. ಆಮೇಲೆ ಉಳಿದವರಿಗೆ. ಕೊನೆಗೆ ತನ್ನ ಬಟ್ಟಲು ತುಂಬಿಸಿಕೊಂಡು, ಒಂದು ದೊಡ್ಡ ಚಮಚ ಬಾಯಿಗೆ ಸುರಿದು, ರುಚಿಗಾರ ಅವಳ ಕಡೆ ನೋಡಿದ. ಅವಳು ಒಂದು ಚಮಚ ಬಾಯಿಗಿಟ್ಟುಕೊಂಡಳು. ಹದಿನೆಂಟು ಸಲವೇನೋ ಅಗಿದಳು ಅನ್ನಿಸಿತು.

"ಹೂಂ. ಹೇಗಿದೆ ಹೇಳು" ಎಂದ ಬಾಯಿ ತುಂಬಿಕೊಂಡೇ, ಕಾರ್ಖಾನೆಯ ದನಿಯಲ್ಲಿ.

"ನಿಮ್ಮ ನಿಯಮದ ಪ್ರಕಾರ ನಾನು ಹೇಳೋ ಹಾಗಿಲ್ಲ ರೀ."

ರುಚಿಗಾರ ಹುಬ್ಬು ಎತ್ತಿದ.

"ಹಿಂದಿನದರ ರುಚಿ ಗೊತ್ತಿಲ್ಲದವರು ಇಂದಿನದರ ಬಗ್ಗೆ ಬಾಯಿ ತೆರೀಬಾರದು ಅಲ್ವಾ? ಹತ್ತು ಸಲ ಮಾಡಿದ್ದೀನಿ. ಹತ್ತು ಸಲವೂ ನನ್ನ ಹತ್ತಿರ ಬಂದಾಗ ಪಾತ್ರೆ ತೊಳೆಯೋ ಹಾಗೆ ಆಗಿತ್ತು."

ಕೋಪದಿಂದ ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟು, ಎರಡನೆಯ ಚಮಚ ತೆಗೆದುಕೊಂಡಳು.

ರುಚಿಗಾರನ ಬಾಯಿ ತುಂಬ ಪಾಯಸವಿತ್ತು. ಹಾಲು ಸರಿಯಾಗಿತ್ತು, ಸಕ್ಕರೆ ಸರಿಯಾಗಿತ್ತು, ಏಲಕ್ಕಿ ಒಂದು ಕೂದಲೂ ಮುಂದಿರಲಿಲ್ಲ. ನಾಲಗೆ ಎಂದೂ ಇಲ್ಲದಷ್ಟು ಚುರುಕಾಗಿತ್ತು. ನುಂಗಲು ಹೋದ, ಗಂಟಲಲ್ಲಿ ಇಳಿಯಲಿಲ್ಲ. ಉಗುಳಲು ಆ ಮನೆಯಲ್ಲಿ ತೊಟ್ಟಿ ಇರಲಿಲ್ಲ.